ದಿನಕ್ಕೆ ಎರಡು ಗಂಟೆ ಮಕ್ಕಳಿಗೇ ಮೀಸಲಾಗಲಿ

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ನಾಲ್ಕು ತಾಲ್ಲೂಕುಗಳಿವೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ. ಇಲ್ಲಿನ ಎಷ್ಟೋ ಹಳ್ಳಿಗಳಲ್ಲಿ ಬ್ಯಾಂಕು ಇರುವುದಿಲ್ಲ, ಆಸ್ಪತ್ರೆ ಇರುವುದಿಲ್ಲ, ಹೈಸ್ಕೂಲಿಗೆ ಪಕ್ಕದ ಊರಿಗೇ ಹೋಗಬೇಕು. ಅಂಗನವಾಡಿ ಮಾತ್ರ ಮಗುವಿನ ಕೈ ಹಿಡಿದು ನಡೆದು ಹೋಗುವಷ್ಟು ಹತ್ತಿರದಲ್ಲಿ ಇರುತ್ತದೆ. ಸರ್ಕಾರವು ಮನೆ ಬಾಗಿಲಿಗೆ ಇಷ್ಟು ಹತ್ತಿರ ತಂದಿಟ್ಟ ಸಂಸ್ಥೆಗಳು ಬಹಳ ಕಡಿಮೆ. ಅಲ್ಲಿ ಊಟ ಸಿಗುತ್ತದೆ, ಲಸಿಕೆಯ ಮಾಹಿತಿ ಸಿಗುತ್ತದೆ, ಮಗುವಿನ ತೂಕ ನೋಡುತ್ತಾರೆ. ಇವೆಲ್ಲದರ ಜೊತೆಗೆ ಮೂರರಿಂದ ಆರು ವರ್ಷದ ಮಕ್ಕಳಿಗೆ ಶಾಲೆಗೆ ಮುಂಚಿನ ಶಿಕ್ಷಣವೂ ಸಿಗಬೇಕು. ನನ್ನ ಇಂದಿನ ಮಾತು ಈ ಕೊನೆಯ ಕೆಲಸದ ಬಗ್ಗೆ. ಅಂಗನವಾಡಿಯ ಕಲಿಕೆಯ ಗುಣಮಟ್ಟ ಹೆಚ್ಚಬೇಕು ಎಂದು ಎಲ್ಲರೂ ಹೇಳುತ್ತೇವೆ. ಹೆಚ್ಚಿಸಲು ಮೊದಲು ಏನು ಮಾಡಬೇಕು? ಗೋಡೆಗೆ ಬಣ್ಣ ಬಳಿಯಬೇಕೆ? ಎಲ್‌ಕೆಜಿ ಎಂದು ಬೋರ್ಡು ಹಾಕಬೇಕೆ? ಇಂಗ್ಲಿಷ್ ಶುರು ಮಾಡಬೇಕೆ? ನನ್ನ ಉತ್ತರ ಇಷ್ಟೇ. ದಿನಕ್ಕೆ ಎರಡು ಗಂಟೆ ಕಾಲ ಅಂಗನವಾಡಿಯ ಟೀಚರ್ ಬೇರೆ ಯಾವ ಕೆಲಸವನ್ನೂ ಮುಟ್ಟದೆ ಮಕ್ಕಳ ನಡುವೆಯೇ ಕೂತಿರುವಂತೆ ಆಗಬೇಕು. ಆ ಎರಡು ಗಂಟೆ ಸಿಕ್ಕರೆ ಉಳಿದ ಸುಧಾರಣೆಗಳಿಗೆಲ್ಲ ಬೆಲೆ ಬರುತ್ತದೆ. ಅದು ಸಿಗದಿದ್ದರೆ ಉಳಿದದ್ದೆಲ್ಲ ಮೇಲುಮೇಲಿನ ಕೆಲಸವಾಗುತ್ತದೆ.

ಮೊದಲು ಅಂಗನವಾಡಿ ನಡೆದು ಬಂದ ದಾರಿಯನ್ನು ನೋಡೋಣ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಅಂದರೆ ಐಸಿಡಿಎಸ್, ಆರಂಭವಾದದ್ದು 1975ರ ಅಕ್ಟೋಬರ್ 2ರಂದು. ದೇಶದ 33 ಕಡೆ ಪ್ರಯೋಗವೆಂದು ಶುರು ಮಾಡಿದರು. ಅದರಲ್ಲಿ ಒಂದು ನಮ್ಮ ರಾಜ್ಯದ್ದು, ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಲ್ಲಿಂದ ಹಬ್ಬಿ ಹಬ್ಬಿ ಈಗ ಕರ್ನಾಟಕದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಯೋಜನೆಗೆ ಆರು ಸೇವೆಗಳನ್ನು ಒಪ್ಪಿಸಿದರು. ಪೂರಕ ಪೌಷ್ಟಿಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಕಾಯಿಲೆ ಕಂಡರೆ ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ಆರೋಗ್ಯದ ತಿಳಿವಳಿಕೆ, ಮತ್ತು ಶಾಲಾಪೂರ್ವ ಶಿಕ್ಷಣ. ಆರರಲ್ಲಿ ಐದು ಆರೋಗ್ಯ ಮತ್ತು ಆಹಾರಕ್ಕೆ ಸೇರಿದವು. ಶಿಕ್ಷಣ ಒಂದೇ. ಆಗಿನ ಕಾಲಕ್ಕೆ ಇದು ತಪ್ಪೇನಲ್ಲ. ಮಕ್ಕಳು ಹಸಿವಿನಿಂದ, ಅತಿಸಾರದಿಂದ, ದಡಾರದಿಂದ ಸಾಯುತ್ತಿದ್ದ ಕಾಲವದು. ಮೊದಲು ಮಗು ಬದುಕಬೇಕಿತ್ತು. ಆ ಕೆಲಸದಲ್ಲಿ ಅಂಗನವಾಡಿಗಳು ಮಾಡಿದ ಸೇವೆಯನ್ನು ಯಾರೂ ಕಡಿಮೆ ಮಾಡಿ ಹೇಳುವಂತಿಲ್ಲ. ಆದರೆ ಐವತ್ತು ವರ್ಷಗಳಲ್ಲಿ ಕಾಲ ಬದಲಾಗಿದೆ. ಬದುಕಿ ಉಳಿದ ಮಗು ಚೆನ್ನಾಗಿ ಕಲಿಯಬೇಕು ಎಂಬುದು ಈಗಿನ ಬೇಡಿಕೆ. 2002ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ತಂದಾಗ 45ನೆಯ ವಿಧಿಯಲ್ಲಿ ಇದನ್ನು ಸೇರಿಸಿದರು. ಆರು ವರ್ಷ ತುಂಬುವವರೆಗೆ ಎಲ್ಲ ಮಕ್ಕಳಿಗೂ ಪಾಲನೆ ಮತ್ತು ಶಿಕ್ಷಣ ಕೊಡಲು ಸರ್ಕಾರ ಪ್ರಯತ್ನಿಸಬೇಕು ಎಂದು ಆ ವಿಧಿ ಹೇಳುತ್ತದೆ.

ಈ ವಯಸ್ಸಿಗೆ ಇಷ್ಟು ಮಹತ್ವ ಏಕೆ? ಮಿದುಳಿನ ಬೆಳವಣಿಗೆಯಲ್ಲಿ ನೂರಕ್ಕೆ 85 ಭಾಗಕ್ಕಿಂತ ಹೆಚ್ಚು ಆರು ವರ್ಷಕ್ಕೆ ಮುಂಚೆಯೇ ಆಗಿಬಿಡುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಮಾತು, ಗಮನ, ನೆನಪು, ತನ್ನನ್ನು ತಾನು ತಡೆದುಕೊಳ್ಳುವ ಶಕ್ತಿ, ಇವೆಲ್ಲಕ್ಕೂ ತಳಪಾಯ ಬೀಳುವುದು ಆಗಲೇ. ನಮ್ಮ ಸೀಮೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಗಿ ಬಿತ್ತಲು ಭೂಮಿ ಹದವಾಗಿರುವುದು ಕೆಲವೇ ದಿನ. ಹದ ತಪ್ಪಿದ ಮೇಲೆ ಎಷ್ಟು ಗೊಬ್ಬರ ಸುರಿದರೂ ಆ ಬೆಳೆ ಬರುವುದಿಲ್ಲ. ಇನ್ನೊಂದು ಕಾರಣವೂ ಇದೆ. ಒಂದನೇ ತರಗತಿಗೆ ಸೇರಲು ಮಗುವಿಗೆ ಆರು ವರ್ಷ ತುಂಬಿರಬೇಕು ಎಂದು ರಾಜ್ಯ ಸರ್ಕಾರ 2022ರಲ್ಲಿ ಆದೇಶ ಮಾಡಿತು. 2025ರ ಪ್ರವೇಶಕ್ಕೆ ಐದೂವರೆ ವರ್ಷಕ್ಕೆ ಹತ್ತಿರ ಸಡಿಲಿಸಿದರೂ, ಅದು ಆ ಒಂದು ವರ್ಷಕ್ಕೆ ಮಾತ್ರ ಎಂದು ತಿಳಿಸಿತು. ಹಾಗಾದರೆ ಮೂರು ವರ್ಷ ತುಂಬಿದ ಮಗು ಶಾಲೆ ಸೇರುವ ಮುಂಚೆ ಪೂರ್ತಿ ಮೂರು ವರ್ಷ ಎಲ್ಲಿರುತ್ತದೆ? ಶುಲ್ಕ ಕಟ್ಟಲು ಶಕ್ತಿ ಇರುವವರ ಮಗು ಖಾಸಗಿ ಶಾಲೆಯ ವ್ಯಾನು ಹತ್ತುತ್ತದೆ. ಉಳಿದವರಿಗೆ ಇರುವುದು ಅಂಗನವಾಡಿ. ಆ ಮೂರು ವರ್ಷ ಹೇಗೆ ಕಳೆಯುತ್ತದೆ ಎಂಬುದರ ಮೇಲೆ ಮುಂದಿನ ಹತ್ತು ವರ್ಷದ ಓದು ನಿಂತಿದೆ.

ಇಲ್ಲಿಯವರೆಗೆ ಎರಡು ಮಾತು ಹೇಳಿದೆ. ಅಂಗನವಾಡಿಯ ಆರು ಕೆಲಸಗಳಲ್ಲಿ ಶಿಕ್ಷಣ ಒಂದು. ಮೂರರಿಂದ ಆರರವರೆಗಿನ ವಯಸ್ಸು ಮತ್ತೆ ಬರುವುದಿಲ್ಲ. ಈಗ ಆ ವಯಸ್ಸಿನ ಒಳ್ಳೆಯ ಕಲಿಕೆ ಹೇಗಿರುತ್ತದೆ ಎಂದು ಹತ್ತಿರದಿಂದ ನೋಡೋಣ. ಅವರೆಕಾಯಿ ಕಾಲ ಎಂದುಕೊಳ್ಳಿ. ಟೀಚರ್ ನೆಲದ ಮೇಲೆ ಒಂದು ಮೊರ ಇಟ್ಟಿದ್ದಾರೆ. ಮೊರದಲ್ಲಿ ಅವರೆಕಾಳು, ತೊಗರಿಕಾಳು, ಹುರುಳಿಕಾಳು ಬೆರೆತಿವೆ. ಸುತ್ತ ಐದಾರು ಮಕ್ಕಳು ಕೂತಿದ್ದಾರೆ. ಒಂದೊಂದು ಜಾತಿಯ ಕಾಳನ್ನು ಬೇರೆ ಬೇರೆ ಬಟ್ಟಲಿಗೆ ಹಾಕಬೇಕು. ಮಗು ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಹುರುಳಿಕಾಳನ್ನು ಹಿಡಿದೆತ್ತುತ್ತದೆ. ನಾಳೆ ಬಳಪ ಹಿಡಿಯುವುದು ಅದೇ ಎರಡು ಬೆರಳು. ಇದು ಆ ಗುಂಪಿನದೋ ಈ ಗುಂಪಿನದೋ ಎಂದು ಯೋಚಿಸುತ್ತದೆ. ಗಣಿತ ಶುರುವಾಗುವುದು ಈ ವಿಂಗಡಣೆಯಿಂದ. ಟೀಚರ್ ಕೇಳುತ್ತಾರೆ, ಯಾವ ಬಟ್ಟಲಿನಲ್ಲಿ ಜಾಸ್ತಿ ಇದೆ, ನಿನಗೆ ಹೇಗೆ ಗೊತ್ತಾಯಿತು? ಮಗು ಉತ್ತರ ಹುಡುಕುತ್ತದೆ. ಅವರೆಕಾಳು ಕಡಿಮೆ ಇದ್ದರೂ ಬಟ್ಟಲು ತುಂಬಿದೆ, ಹುರುಳಿ ಹೆಚ್ಚಿದ್ದರೂ ತಳದಲ್ಲೇ ಇದೆ. ಇದು ಹೇಗೆ? ಎಣಿಸಿ ನೋಡೋಣ ಎನ್ನುತ್ತಾರೆ ಟೀಚರ್. ಕಾಳಿಗೊಂದು ಸಂಖ್ಯೆ ಹೇಳುತ್ತಾ ಎಣಿಸುತ್ತಾರೆ. ಆಮೇಲೆ ಐದು ಎಂಬ ಅಂಕಿಯ ಚೀಟಿಯನ್ನು ಐದು ಕಾಳುಗಳ ಪಕ್ಕದಲ್ಲಿ ಇಡುತ್ತಾರೆ. ಇಷ್ಟಕ್ಕೆ ಬೇಕಾದ ಸಾಮಗ್ರಿಯ ಬೆಲೆ ಹತ್ತಿಪ್ಪತ್ತು ರೂಪಾಯಿ. ಬೆಲೆ ಕಟ್ಟಲಾಗದ್ದು ಟೀಚರ್ ಕೇಳಿದ ಆ ಒಂದು ಪ್ರಶ್ನೆ. ಹೇಗೆ ಗೊತ್ತಾಯಿತು ಎಂದು ಕೇಳಿ, ಮಗು ತಡವರಿಸಿದರೂ ಕಾದು, ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಲು ಬಿಡುವು ಬೇಕು. ಅರ್ಧದಲ್ಲಿ ಎದ್ದು ಹೋಗಬೇಕಾದವರಿಗೆ ಈ ಪ್ರಶ್ನೆ ಕೇಳಲು ಆಗುವುದಿಲ್ಲ. ಅವರು ಒಂದರಿಂದ ಹತ್ತರವರೆಗೆ ಒಟ್ಟಾಗಿ ಕೂಗಿ ಎಂದು ಹೇಳಿ ಹೋಗಬೇಕಾಗುತ್ತದೆ. ಮಕ್ಕಳು ಕೂಗುತ್ತಾರೆ. ಕಲಿಕೆ ಆಗುವುದಿಲ್ಲ.

ಒಳ್ಳೆಯ ಕಲಿಕೆಗೆ ದುಬಾರಿ ಸಾಮಾನು ಬೇಡ, ಎಚ್ಚರವಿರುವ ದೊಡ್ಡವರೊಬ್ಬರ ಬಿಡುವು ಬೇಕು ಎಂದಾಯಿತು. ಹಾಗಾದರೆ ಆ ಬಿಡುವು ನಮ್ಮ ಟೀಚರಿಗೆ, ಅಂದರೆ ಅಂಗನವಾಡಿ ಕಾರ್ಯಕರ್ತೆಗೆ ಇದೆಯೇ? ಅವರ ಒಂದು ದಿನದ ಕೆಲಸವನ್ನು ನೋಡಿ. ಬೆಳಿಗ್ಗೆ ಬಂದವರು ಹಾಜರಿಯನ್ನು ಮೊಬೈಲಿನ ಪೋಷಣ್ ಟ್ರ್ಯಾಕರ್‌ಗೆ ಹಾಕಬೇಕು. ಮಕ್ಕಳ ತೂಕ ಮತ್ತು ಎತ್ತರವನ್ನು ಅಳೆದಾಗ ಅದನ್ನೂ ಏರಿಸಬೇಕು. ಮನೆಗೆ ಕೊಡುವ ಆಹಾರದ ಪೊಟ್ಟಣ ಪಡೆಯಲು ಬಂದ ಗರ್ಭಿಣಿ ಅಥವಾ ಬಾಣಂತಿಯ ಮುಖವನ್ನು ಮೊಬೈಲ್ ಕ್ಯಾಮೆರಾ ಗುರುತಿಸಬೇಕು. 2025ರ ಜುಲೈನಿಂದ ಇದು ಕಡ್ಡಾಯ. ನೆಟ್‌ವರ್ಕ್ ಸಿಗದಿದ್ದರೆ ಇಬ್ಬರೂ ಅಂಗಳಕ್ಕೆ ಬಂದು ಮೊಬೈಲನ್ನು ಆಕಾಶಕ್ಕೆ ಹಿಡಿದು ನಿಲ್ಲಬೇಕು. 2017ರ ಅಕ್ಟೋಬರ್‌ನಲ್ಲಿ ಮಾತೃಪೂರ್ಣ ಯೋಜನೆ ಬಂದ ಮೇಲೆ ಗರ್ಭಿಣಿಯರ ಮತ್ತು ಬಾಣಂತಿಯರ ಮಧ್ಯಾಹ್ನದ ಊಟವೂ ಅಂಗನವಾಡಿಯ ಜವಾಬ್ದಾರಿಯಾಯಿತು. ಹಾಲಿನ ಪುಡಿ, ಮೊಟ್ಟೆ, ಪುಷ್ಟಿ ಎಂಬ ಪೂರಕ ಆಹಾರ, ಇವುಗಳ ಲೆಕ್ಕ ಬೇರೆ. ಸ್ತ್ರೀಶಕ್ತಿ ಸಂಘದ ಸಭೆ ಇರುತ್ತದೆ. ಭಾಗ್ಯಲಕ್ಷ್ಮಿ, ಮಾತೃವಂದನಾ ಯೋಜನೆಗಳ ಅರ್ಜಿ ಇರುತ್ತವೆ. ಚುನಾವಣೆ ಬಂದರೆ ಅನೇಕರು ಮತಗಟ್ಟೆ ಮಟ್ಟದ ಅಧಿಕಾರಿಗಳು, ಮತದಾರರ ಪಟ್ಟಿ ಹಿಡಿದು ಮನೆಮನೆ ತಿರುಗಬೇಕು. ಹೊಸ ಸಮೀಕ್ಷೆ ಎಂದರೆ ಮೊದಲು ನೆನಪಾಗುವುದೂ ಅವರೇ. ಇವುಗಳಲ್ಲಿ ಒಂದನ್ನೂ ಅನಗತ್ಯ ಎನ್ನುವಂತಿಲ್ಲ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಿ. ತೂಕ ದಾಖಲಾಗದಿದ್ದರೆ ಮೇಲಿನಿಂದ ಫೋನು ಬರುತ್ತದೆ. ಮೊಟ್ಟೆಯ ಲೆಕ್ಕ ತಪ್ಪಿದರೆ ವಿವರಣೆ ಕೊಡಬೇಕಾಗುತ್ತದೆ. ಇವತ್ತು ಮಕ್ಕಳಿಗೆ ಕತೆ ಹೇಳಲಿಲ್ಲ ಎಂದರೆ ಯಾರೂ ಕೇಳುವುದಿಲ್ಲ. ಕೇಳುವವರಿಲ್ಲದ ಕೆಲಸ ಹಿಂದೆ ಬೀಳುತ್ತದೆ. ಇದು ಕಾರ್ಯಕರ್ತೆಯ ಸೋಮಾರಿತನದಿಂದ ಆದದ್ದಲ್ಲ. ನಾವು ಯಾವುದನ್ನು ಎಣಿಸುತ್ತೇವೋ ಅದೇ ಆಗುತ್ತದೆ.

ಹೀಗೆ ಕಲಿಕೆಗೆ ಬೇಕಾದ ಹೊತ್ತು ಉಳಿದ ಕೆಲಸಗಳ ಪಾಲಾಗುತ್ತಿದೆ. ಆ ಹೊತ್ತನ್ನು ಮಕ್ಕಳಿಗೆ ಮರಳಿಸಿದರೆ ನಿಜವಾಗಿಯೂ ಪ್ರಯೋಜನ ಆಗುತ್ತದೆಯೇ? ಇದಕ್ಕೆ ಪಕ್ಕದ ತಮಿಳುನಾಡಿನಲ್ಲಿ ಒಳ್ಳೆಯ ಪುರಾವೆ ಇದೆ. ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಅವರ ಸಹೋದ್ಯೋಗಿಗಳು ಅಲ್ಲಿನ ಸರ್ಕಾರದೊಂದಿಗೆ ಸೇರಿ ಒಂದು ದೊಡ್ಡ ಪ್ರಯೋಗ ನಡೆಸಿದರು. 640 ಅಂಗನವಾಡಿಗಳನ್ನು ಆರಿಸಿಕೊಂಡರು. ಚೀಟಿ ಎತ್ತಿದ ಹಾಗೆ ಅರ್ಧದಷ್ಟು ಕೇಂದ್ರಗಳನ್ನು ಬೇರ್ಪಡಿಸಿ, ಅವುಗಳಿಗೆ ಅರ್ಧ ದಿನ ಕೆಲಸ ಮಾಡುವ ಒಬ್ಬ ಹೆಚ್ಚುವರಿ ಕಾರ್ಯಕರ್ತೆಯನ್ನು ಕೊಟ್ಟರು. ಆಕೆಯ ಕೆಲಸ ಒಂದೇ, ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ. ಉಳಿದ ಕೇಂದ್ರಗಳು ಮೊದಲಿನಂತೆಯೇ ನಡೆದವು. ಒಂದೂವರೆ ವರ್ಷದ ನಂತರ ಎರಡೂ ಕಡೆಯ ಮಕ್ಕಳನ್ನು ಹೋಲಿಸಿ ನೋಡಿದರು. ಹೆಚ್ಚುವರಿ ಕಾರ್ಯಕರ್ತೆ ಇದ್ದ ಕಡೆ ಕಲಿಕೆಯ ಸಮಯ ಎರಡು ಪಟ್ಟಾಗಿತ್ತು. ಲೆಕ್ಕದಲ್ಲಿಯೂ ಭಾಷೆಯಲ್ಲಿಯೂ ಆ ಮಕ್ಕಳು ಸ್ಪಷ್ಟವಾಗಿ ಮುಂದಿದ್ದರು. ಹೊಸದಾಗಿ ಬಂದವರು ದೊಡ್ಡ ಪದವಿ ಪಡೆದವರೇನಲ್ಲ, ಅಲ್ಪಾವಧಿಯ ತರಬೇತಿ ಪಡೆದ ಅದೇ ಊರ ಕಡೆಯ ಹೆಣ್ಣುಮಕ್ಕಳು. ಅವರಲ್ಲಿ ಇದ್ದದ್ದು ಬೇರೆ ಕೆಲಸಕ್ಕೆ ಹೋಗದ ಬಿಡುವು. ಈ ಪ್ರಯೋಗಕ್ಕೆ ಆದ ಖರ್ಚಿಗೆ ಹೋಲಿಸಿದರೆ ಮಕ್ಕಳ ಮುಂದಿನ ಬದುಕಿನಲ್ಲಿ ಆಗುವ ಲಾಭ ಹತ್ತು ಪಟ್ಟಿಗಿಂತಲೂ ಹೆಚ್ಚು ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಅದು ನ್ಯಾಯವಾದದ್ದೇ. ಟೀಚರ್ ಎರಡು ಗಂಟೆ ಮಕ್ಕಳ ನಡುವೆ ಕೂತರೆ ಗರ್ಭಿಣಿಯರನ್ನು ನೋಡುವವರು ಯಾರು? ಅಪೌಷ್ಟಿಕತೆ ಇನ್ನೂ ಹೋಗಿಲ್ಲ. ಪಾಠದ ಸಲುವಾಗಿ ಪೋಷಣೆಯನ್ನು ಬಲಿ ಕೊಡಬೇಕೆ? ತಮಿಳುನಾಡಿನ ಪ್ರಯೋಗವೇ ಇದಕ್ಕೂ ಉತ್ತರ ಕೊಟ್ಟಿದೆ. ಕಲಿಸುವ ಕೆಲಸವನ್ನು ಒಬ್ಬರು ವಹಿಸಿಕೊಂಡಾಗ, ಮೊದಲಿನ ಕಾರ್ಯಕರ್ತೆಗೆ ಆರೋಗ್ಯ ಮತ್ತು ಪೋಷಣೆಯ ಕೆಲಸಕ್ಕೆ ಹೆಚ್ಚು ಹೊತ್ತು ಸಿಕ್ಕಿತು. ಆ ಕೇಂದ್ರಗಳ ಮಕ್ಕಳಲ್ಲಿ ಕುಂಠಿತ ಬೆಳವಣಿಗೆಯೂ ತೀವ್ರ ಅಪೌಷ್ಟಿಕತೆಯೂ ಕಡಿಮೆಯಾದವು. ಎರಡು ಕೆಲಸಗಳನ್ನು ಒಬ್ಬರ ತಲೆಗೇ ಕಟ್ಟಿ ಎರಡನ್ನೂ ಅರೆಬರೆ ಮಾಡಿಸುತ್ತಿದ್ದೆವು. ಬೇರ್ಪಡಿಸಿದಾಗ ಎರಡೂ ಸುಧಾರಿಸಿದವು. ಇನ್ನು ಎರಡನೆಯ ವ್ಯಕ್ತಿ ಬರುವವರೆಗೂ ಕೈಕಟ್ಟಿ ಕೂರಬೇಕಾಗಿಲ್ಲ. ಸಮಯವನ್ನು ಹಂಚುವುದು ಇಂದೇ ಸಾಧ್ಯ. ಆಹಾರದ ಪೊಟ್ಟಣ ಕೊಡುವುದು, ಅರ್ಜಿ ತುಂಬುವುದು, ಸಂಘದ ಸಭೆ, ಮೊಬೈಲ್ ದಾಖಲೆ, ಇವೆಲ್ಲ ಮಧ್ಯಾಹ್ನದ ಊಟದ ನಂತರ ಎಂದು ಗೊತ್ತು ಮಾಡಬಹುದು. ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಮಕ್ಕಳ ಹೊತ್ತು, ಆಗ ಬರಬೇಡಿ ಎಂದು ಬಾಗಿಲಿಗೆ ಒಂದು ಹಲಗೆ ತೂಗುಹಾಕಬಹುದು. ಊರಿನವರು ಅರ್ಥ ಮಾಡಿಕೊಳ್ಳುತ್ತಾರೆ. ಅರ್ಥ ಮಾಡಿಕೊಳ್ಳಬೇಕಾದವರು ಕಚೇರಿಯವರು. ಆ ಎರಡು ಗಂಟೆಯಲ್ಲಿ ಸಭೆ ಕರೆಯುವುದಿಲ್ಲ, ಫೋನಿನಲ್ಲಿ ಮಾಹಿತಿ ಕೇಳುವುದಿಲ್ಲ ಎಂದು ಜಿಲ್ಲಾಡಳಿತವು ತನಗೆ ತಾನೇ ನಿಯಮ ಹಾಕಿಕೊಳ್ಳಬೇಕು. ಇದು ಹೊಸ ಬೇಡಿಕೆಯೂ ಅಲ್ಲ. ಕೇಂದ್ರ ಸರ್ಕಾರ 2023ರ ಮೇ ತಿಂಗಳಲ್ಲಿ ಪೋಷಣೆಯ ಜೊತೆಗೆ ಓದು ಎಂಬ ಉದ್ದೇಶದ ಕಾರ್ಯಕ್ರಮ ಆರಂಭಿಸಿದಾಗ, ಪ್ರತಿ ಮಗುವಿಗೆ ದಿನಕ್ಕೆ ಕನಿಷ್ಠ 2 ಗಂಟೆ ಶಾಲಾಪೂರ್ವ ಶಿಕ್ಷಣ ಸಿಗಬೇಕು ಎಂದೇ ಹೇಳಿತು. ಕಾಗದದ ಮೇಲೆ ಇರುವುದನ್ನು ಗಡಿಯಾರದ ಮೇಲೆ ತರಬೇಕು, ಅಷ್ಟೇ.

ಮಕ್ಕಳಿಗೆ ಹೊತ್ತು ಕೊಟ್ಟರೆ ಕಲಿಕೆಯೂ ಪೋಷಣೆಯೂ ಸುಧಾರಿಸುತ್ತವೆ ಎಂದು ನೋಡಿದೆವು. ಈಗ ತಂದೆತಾಯಂದಿರ ಆಕ್ಷೇಪಕ್ಕೆ ಬರೋಣ. ಅವರು ಹೇಳುವುದು ಹೀಗೆ. ಅಂಗನವಾಡಿಯಲ್ಲಿ ಬರೀ ಆಟ ಆಡಿಸುತ್ತಾರೆ, ಕಾನ್ವೆಂಟಿನಲ್ಲಾದರೆ ನಾಲ್ಕು ವರ್ಷಕ್ಕೇ ಎಬಿಸಿಡಿ ಬರೆಯುತ್ತಾರೆ. ಈ ಮಾತಿನ ಹಿಂದೆ ಮಗುವಿನ ಭವಿಷ್ಯದ ಚಿಂತೆ ಇದೆ. ಅದನ್ನು ತಳ್ಳಿಹಾಕಬಾರದು. ಆದರೆ ಪುರಾವೆ ಏನು ಹೇಳುತ್ತದೆ? 2011ರಿಂದ ಐದು ವರ್ಷ ಕಾಲ ಅಸ್ಸಾಂ, ರಾಜಸ್ಥಾನ ಮತ್ತು ತೆಲಂಗಾಣದಲ್ಲಿ ಒಂದು ಅಧ್ಯಯನ ನಡೆಯಿತು. ದೆಹಲಿಯ ಅಂಬೇಡ್ಕರ್ ವಿಶ್ವವಿದ್ಯಾಲಯದ ಒಂದು ಕೇಂದ್ರ ಮತ್ತು ಅಸರ್ ಸಂಸ್ಥೆ ಸೇರಿ ನಡೆಸಿದ ಅಧ್ಯಯನ. ಸುಮಾರು 14 ಸಾವಿರ ಮಕ್ಕಳನ್ನು ನಾಲ್ಕು ವರ್ಷದಿಂದ ಎಂಟು ವರ್ಷದವರೆಗೆ ಹಿಂಬಾಲಿಸಿದರು. ಐದು ವರ್ಷ ತುಂಬಿದಾಗ ಶಾಲೆಗೆ ಬೇಕಾದ ಸಿದ್ಧತೆ ಹೆಚ್ಚಿನ ಮಕ್ಕಳಲ್ಲಿ ಇರಲಿಲ್ಲ. ಅಂಗನವಾಡಿಯ ಮಕ್ಕಳಲ್ಲೂ ಇರಲಿಲ್ಲ, ಖಾಸಗಿ ಶಾಲೆಯ ಮಕ್ಕಳಲ್ಲೂ ಸಾಲದಾಗಿತ್ತು. ಕಾರಣ ಬೇರೆ ಬೇರೆ. ಅಂಗನವಾಡಿಯಲ್ಲಿ ಕಲಿಕೆಗೆ ಹೊತ್ತೇ ಇರಲಿಲ್ಲ. ಖಾಸಗಿ ಶಾಲೆಯಲ್ಲಿ ಹೊತ್ತು ಇತ್ತು, ಆದರೆ ಒಂದನೇ ತರಗತಿಯ ಕಾಪಿ ಬರೆಯುವ ಕೆಲಸವನ್ನು ಎರಡು ವರ್ಷ ಮುಂಚೆಯೇ ಮಾಡಿಸುತ್ತಿದ್ದರು. ವಯಸ್ಸಿಗೆ ತಕ್ಕ ಆಟ, ಮಾತು ಮತ್ತು ಕತೆಗಳ ಮೂಲಕ ಕಲಿಸಿದ ಕೇಂದ್ರಗಳ ಮಕ್ಕಳು ಮುಂದಿದ್ದರು. ಹಾಗೆಂದು ಆಟವಾಡಿಸಿದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ ಎಂದೂ ಹೇಳಲಾಗದು. ದೆಹಲಿಯ ಬಡಾವಣೆಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಸಂಶೋಧಕಿಯರಾದ ಎಸ್ತರ್ ಡುಫ್ಲೊ ಮತ್ತು ಎಲಿಜಬೆತ್ ಸ್ಪೆಲ್ಕಿ ಅವರ ತಂಡ ಮಕ್ಕಳಿಗೆ ಗಣಿತದ ಆಟಗಳನ್ನು ಆಡಿಸಿತು. ಹೆಚ್ಚುಕಡಿಮೆಯನ್ನು ಅಂದಾಜು ಮಾಡುವ ಶಕ್ತಿ ಒಂದು ವರ್ಷದ ನಂತರವೂ ಉಳಿದಿತ್ತು. ಆದರೆ ಶಾಲೆಯ ಅಂಕಿಗಳ ಲೆಕ್ಕದಲ್ಲಿ ಅದರ ಪ್ರಯೋಜನ ಕಾಣಲಿಲ್ಲ. ಇದರಿಂದ ಕಲಿಯಬೇಕಾದ್ದು ಇದು. ಆಟ ಬೇಕು, ಆಟದಿಂದ ಅಕ್ಷರ ಮತ್ತು ಅಂಕಿಗೆ ಸೇತುವೆಯೂ ಬೇಕು. ಆಗಲೇ ಹೇಳಿದ ಕಾಳುಗಳ ಪಕ್ಕದಲ್ಲಿ ಅಂಕಿಯ ಚೀಟಿ ಇಡುವುದು ಅಂಥ ಸೇತುವೆ. ಅದನ್ನು ಕಟ್ಟಲು ಮತ್ತೆ ಟೀಚರ್ ಅಲ್ಲಿ ಕೂತಿರಲೇಬೇಕು.

ತಂದೆತಾಯಂದಿರ ಈ ಬೇಡಿಕೆಯನ್ನು ಸರ್ಕಾರವೂ ಕೇಳಿಸಿಕೊಂಡಿದೆ. ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ನಿರ್ಧಾರ ಬಂದಾಗ, ನಮ್ಮ ಕೇಂದ್ರಗಳು ಖಾಲಿಯಾಗುತ್ತವೆ ಎಂದು ಅಂಗನವಾಡಿ ಕಾರ್ಯಕರ್ತೆಯರು 2024ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಧರಣಿ ಕೂತರು. ಅಂಗನವಾಡಿಗಳಲ್ಲೇ ಆ ತರಗತಿಗಳನ್ನು ನಡೆಸುವುದಾಗಿ ಸರ್ಕಾರ ಒಪ್ಪಿತು. ಮುಂದಿನ ತಿಂಗಳೇ ಬೆಂಗಳೂರಿನ 250 ಅಂಗನವಾಡಿಗಳನ್ನು ಸರ್ಕಾರಿ ಮಾಂಟೆಸ್ಸರಿ ಎಂದು ಮೇಲ್ದರ್ಜೆಗೆ ಏರಿಸಿತು. ಇದು ಸ್ವಾಗತಾರ್ಹ. ಮಗುವಿಗೆ ಮನೆ ಹತ್ತಿರದಲ್ಲೇ ಊಟ, ಆರೈಕೆ, ಕಲಿಕೆ ಮೂರೂ ಸಿಗಬೇಕಾದರೆ ಅಂಗನವಾಡಿಗಿಂತ ಸೂಕ್ತ ಜಾಗ ಬೇರೆ ಇಲ್ಲ. ಆದರೆ ಹೆಸರು ಬದಲಾದ ಮಾತ್ರಕ್ಕೆ ದಿನಚರಿ ಬದಲಾಗುವುದಿಲ್ಲ. ಸಮವಸ್ತ್ರ, ಬ್ಯಾಗು, ಪುಸ್ತಕ ಕೊಟ್ಟು ಟೀಚರನ್ನು ಮತ್ತೆ ಸಮೀಕ್ಷೆಗೆ ಕಳಿಸಿದರೆ ಮಗುವಿಗೆ ಸಿಕ್ಕಿದ್ದು ಬ್ಯಾಗು ಮಾತ್ರ. ನಮ್ಮ ಜಿಲ್ಲೆಯಲ್ಲಿ ಮೇಲ್ದರ್ಜೆಗೆ ಏರುವ ಪ್ರತಿ ಕೇಂದ್ರಕ್ಕೂ ಒಂದೇ ಷರತ್ತು ಹಾಕಬೇಕು. ಕಲಿಸಲೆಂದೇ ಒಬ್ಬರು ಇರುತ್ತಾರೆಯೇ?

ಭಾಷೆಯ ವಿಷಯವನ್ನೂ ಇದೇ ದೃಷ್ಟಿಯಿಂದ ನೋಡಬೇಕು. ಈ ಜಿಲ್ಲೆಯ ಮಕ್ಕಳ ಮನೆಮಾತು ಒಂದೇ ಅಲ್ಲ. ಹೊಸಕೋಟೆ, ದೇವನಹಳ್ಳಿ ಕಡೆ ತೆಲುಗು ಮಾತಾಡುವ ಮನೆಗಳು ಬಹಳ. ಪಟ್ಟಣಗಳಲ್ಲಿ ಉರ್ದು ಇದೆ. ದೊಡ್ಡಬಳ್ಳಾಪುರದ ಮಗ್ಗಗಳು ಮತ್ತು ಜವಳಿ ಪಾರ್ಕು, ದಾಬಸ್‌ಪೇಟೆಯ ಕಾರ್ಖಾನೆಗಳು, ನೆಲಮಂಗಲ ಮತ್ತು ಹೊಸಕೋಟೆಯ ಗೋದಾಮುಗಳು, 2008ರಲ್ಲಿ ಶುರುವಾದ ದೇವನಹಳ್ಳಿಯ ವಿಮಾನ ನಿಲ್ದಾಣದ ಸುತ್ತಲಿನ ಕಟ್ಟಡ ಕೆಲಸ, ಇವು ಕಲ್ಯಾಣ ಕರ್ನಾಟಕದಿಂದಲೂ ಉತ್ತರ ಭಾರತದಿಂದಲೂ ಕುಟುಂಬಗಳನ್ನು ಕರೆತಂದಿವೆ. ಆ ಮಕ್ಕಳು ಅಂಗನವಾಡಿಗೆ ಬಂದಾಗ ಮೊದಲ ದಿನಗಳಲ್ಲಿ ಮಾತೇ ಆಡದೆ ಕೂತಿರುತ್ತಾರೆ. ಅವರನ್ನು ಕನ್ನಡಕ್ಕೆ ಕರೆತರುವ ದಾರಿ ಅವರ ಮಾತಿನ ಮೂಲಕವೇ ಹೋಗುತ್ತದೆ. ನಮ್ಮ ಟೀಚರುಗಳಲ್ಲಿ ಅನೇಕರಿಗೆ ಎರಡು ಮೂರು ಭಾಷೆ ಸರಾಗವಾಗಿ ಬರುತ್ತವೆ. ಇದು ದೊಡ್ಡ ಬಂಡವಾಳ. ಮಗುವಿನ ಜೊತೆ ಅದರ ಮನೆಮಾತಿನಲ್ಲಿ ನಾಲ್ಕು ಮಾತಾಡಿ, ಅದೇ ಮಾತನ್ನು ಕನ್ನಡದಲ್ಲಿ ಹೇಳಿದರೆ ಕೆಲವು ತಿಂಗಳಲ್ಲಿ ಮಗು ಎರಡರಲ್ಲೂ ಬಾಯಿ ಬಿಡುತ್ತದೆ. ಒಟ್ಟಾಗಿ ಕೂಗಿಸುವ ಪಾಠದಲ್ಲಿ ಇದು ಆಗುವುದಿಲ್ಲ. ಮಗುವಿನೊಂದಿಗೆ ಬಿಡಿಬಿಡಿಯಾಗಿ ಮಾತಾಡಬೇಕು. ಇದಕ್ಕೂ ಬೇಕಾದದ್ದು ಹೊತ್ತು.

ಇನ್ನು ಕಟ್ಟಡ, ತರಬೇತಿ, ಹಣ. ಈ ಮೂರನ್ನು ಎತ್ತದೆ ಗುಣಮಟ್ಟದ ಮಾತು ಮುಗಿಯುವುದಿಲ್ಲ. ಬಾಡಿಗೆ ಮನೆಯ ಇಕ್ಕಟ್ಟಿನ ಕೋಣೆಯಲ್ಲಿ, ಒಂದೇ ಕಡೆ ಅಡುಗೆ ಬೇಯುತ್ತಿರುವಾಗ ಮಕ್ಕಳನ್ನು ಆಡಿಸುವುದು ಕಷ್ಟ. ಮೂವತ್ತು ಮಕ್ಕಳಿಗೆ 35 ಚದರ ಮೀಟರ್‌ನಷ್ಟು ಕೋಣೆ ಬೇಕು, 20 ಮಕ್ಕಳಿಗೆ ಒಬ್ಬ ಟೀಚರ್ ಬೇಕು ಎಂದು ರಾಷ್ಟ್ರೀಯ ಮಾನದಂಡಗಳು ಹೇಳುತ್ತವೆ. ಸ್ವಂತ ಕಟ್ಟಡ, ಶೌಚಾಲಯ, ಕುಡಿಯುವ ನೀರು ಮಗುವಿನ ಹಕ್ಕು. ಅದಕ್ಕಾಗಿ ಒತ್ತಾಯ ಮಾಡಲೇಬೇಕು. ಆದರೆ ಹೊಸ ಕಟ್ಟಡವೂ ಬೀಗ ತೆಗೆದು ಮಕ್ಕಳನ್ನು ಸುಮ್ಮನೆ ಕೂರಿಸುವ ಜಾಗವಾಗಿ ಉಳಿಯಬಹುದು. ತರಬೇತಿಯೂ ಹಾಗೆಯೇ. ಕರ್ನಾಟಕದಲ್ಲಿ ಚಿಲಿಪಿಲಿ ಎಂಬ ಚಟುವಟಿಕೆಗಳ ಪಠ್ಯಕ್ರಮ ಇದೆ. ಕೇಂದ್ರ ಸರ್ಕಾರ ಮೂರರಿಂದ ಆರು ವರ್ಷದವರಿಗೆಂದು 2024ರಲ್ಲಿ ಆಧಾರಶಿಲಾ ಎಂಬ ಪಠ್ಯಕ್ರಮ ತಂದಿದೆ. ಪುಸ್ತಕ ಕಡಿಮೆಯಾಗಿಲ್ಲ. ಮೂರು ದಿನ ತರಬೇತಿ ಕೊಟ್ಟು ಕಳಿಸಿದ ಮೇಲೆ ಅದನ್ನು ಮಾಡಿ ನೋಡಲು ಬಿಡುವು ಮತ್ತು ಪಕ್ಕದಲ್ಲಿ ಕೂತು ತಿದ್ದುವ ಹಿರಿಯರು ಕಡಿಮೆಯಾಗಿದ್ದಾರೆ. ಮೇಲ್ವಿಚಾರಕಿಯರು ಕೇಂದ್ರಕ್ಕೆ ಬಂದಾಗ ಮೊದಲ ಅರ್ಧ ಗಂಟೆ ರಿಜಿಸ್ಟರ್ ಮುಟ್ಟದೆ ಮಕ್ಕಳ ಚಟುವಟಿಕೆಯನ್ನೇ ನೋಡಲಿ. ಟೀಚರ್ ಎಷ್ಟು ಪ್ರಶ್ನೆ ಕೇಳಿದರು, ಎಷ್ಟು ಮಕ್ಕಳು ಬಾಯಿ ಬಿಟ್ಟರು ಎಂಬುದನ್ನು ಬರೆದುಕೊಳ್ಳಲಿ. ಆಗ ಕತೆ ಹೇಳುವುದೂ ಎಣಿಕೆಗೆ ಬರುತ್ತದೆ.

ಹಣದ ವಿಷಯಕ್ಕೆ ಬಂದರೆ, ಪ್ರತಿ ಕೇಂದ್ರಕ್ಕೆ ಎರಡನೆಯ ಕಾರ್ಯಕರ್ತೆ ಎಂದರೆ ಖರ್ಚು ಸಣ್ಣದಲ್ಲ ಎನ್ನುವವರಿದ್ದಾರೆ. ಅದು ನಿಜ. ಆದರೆ ಈ ಜಿಲ್ಲೆಗೆ ಬೇರೆ ಅನೇಕ ಜಿಲ್ಲೆಗಳಿಗಿಲ್ಲದ ಅನುಕೂಲ ಇದೆ. 2011ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ ಸುಮಾರು 10 ಲಕ್ಷ. ಸಣ್ಣ ಜಿಲ್ಲೆ. ಕೈಗಾರಿಕೆ ಮತ್ತು ಬಡಾವಣೆಗಳಿಂದ ತೆರಿಗೆ ಬರುವ ಪಂಚಾಯಿತಿಗಳು ಇಲ್ಲಿವೆ. ಸಾಮಾಜಿಕ ಹೊಣೆಯ ಹಣ ಖರ್ಚು ಮಾಡಬೇಕಾದ ದೊಡ್ಡ ಕಂಪನಿಗಳಿವೆ. ಅವರು ಬಂದಾಗ ಬಣ್ಣ ಬಳಿಸಿ, ಜಾರುಬಂಡೆ ಹಾಕಿಸಿ, ಫಲಕ ನೆಟ್ಟು ಹೋಗುವುದು ರೂಢಿ. ಆ ಹಣದಲ್ಲಿ ಒಂದು ಭಾಗವನ್ನು ಕಲಿಸುವವರ ಗೌರವಧನಕ್ಕೆ ಮತ್ತು ತರಬೇತಿಗೆ ಮೀಸಲಿಡಿ ಎಂದು ಪಂಚಾಯಿತಿ ಕೇಳಬಹುದು. ಒಂದು ಹೋಬಳಿಯಲ್ಲಿ ಪ್ರಯೋಗ ಮಾಡಿ, ಫಲಿತಾಂಶ ನೋಡಿ ವಿಸ್ತರಿಸಬಹುದು. ಇದು ಸರ್ಕಾರದ ಹೊಣೆಯನ್ನು ಕಡಿಮೆ ಮಾಡಲು ಹೇಳುವ ಮಾತಲ್ಲ, ಬೇಗ ಶುರು ಮಾಡಲು ಹೇಳುವ ಮಾತು. ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳಿಗಾಗಿ ಉದ್ಯೋಗ ಖಾತರಿ ಕೂಲಿಕಾರರ ಅನುಕೂಲಕ್ಕೆ 4 ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುವುದಾಗಿ ಸರ್ಕಾರ 2023ರಲ್ಲಿ ಘೋಷಿಸಿತು. ಕೂಸಿನ ಮನೆ ಚೆನ್ನಾಗಿ ನಡೆದ ಕಡೆ ಎಳೆಯ ಮಕ್ಕಳ ಆರೈಕೆಯ ಹೊರೆ ಅಂಗನವಾಡಿಯ ಮೇಲೆ ಕಡಿಮೆಯಾಗುತ್ತದೆ. ದೊಡ್ಡ ಮಕ್ಕಳಿಗೆ ಟೀಚರ್ ಸಿಗುತ್ತಾರೆ. ಗಾರ್ಮೆಂಟ್ಸ್‌ಗೆ ಹೋಗುವ ತಾಯಿ ಬೆಳಿಗ್ಗೆ ನಿಶ್ಚಿಂತೆಯಿಂದ ಮಗುವನ್ನು ಬಿಟ್ಟು ಹೋಗುತ್ತಾಳೆ.

ಇಷ್ಟೆಲ್ಲ ಹೇಳಿ, ಕಲಿಸುವವರ ಗೌರವದ ಮಾತು ಬಿಟ್ಟರೆ ತಪ್ಪಾಗುತ್ತದೆ. ಅಂಗನವಾಡಿ ಕಾರ್ಯಕರ್ತೆಯರಿಗೆ ಸಂಬಳ ಇಲ್ಲ, ಗೌರವಧನ. ಅದರಲ್ಲಿ ಕೇಂದ್ರ ಸರ್ಕಾರದ ಲೆಕ್ಕವನ್ನು 2018ರಲ್ಲಿ ತಿಂಗಳಿಗೆ 4,500 ರೂಪಾಯಿ ಎಂದು ಗೊತ್ತುಮಾಡಿದರು. ಉಳಿದದ್ದನ್ನು ರಾಜ್ಯ ಸೇರಿಸುತ್ತದೆ. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇವರಿಗೆ ಗ್ರಾಚ್ಯುಟಿಯ ಹಕ್ಕಿದೆ ಎಂದು ತೀರ್ಪು ಕೊಟ್ಟಿತು. ಶಿಕ್ಷಣ ಹಕ್ಕು ಕಾಯ್ದೆಯ 11ನೆಯ ಕಲಮಿನಲ್ಲಿ ಹೇಳಿದ ಶಾಲಾಪೂರ್ವ ಶಿಕ್ಷಣದ ಕೆಲಸ ಅಂಗನವಾಡಿಗಳಲ್ಲಿ ನಡೆಯುತ್ತಿದೆ ಎಂಬುದನ್ನೂ ಆ ತೀರ್ಪು ಗುರುತಿಸಿತು. ನ್ಯಾಯಾಲಯ ಅವರನ್ನು ಶಿಕ್ಷಣ ಕೊಡುವವರೆಂದು ನೋಡಿದೆ. ಊರಿನವರೂ ಕಚೇರಿಯವರೂ ಹಾಗೆ ನೋಡಬೇಕು. ಶಿಕ್ಷಕರೆಂದು ನೋಡಿದರೆ ಪಾಠದ ಹೊತ್ತಿನಲ್ಲಿ ಯಾರೂ ಹೊರಗೆ ಕರೆಯುವುದಿಲ್ಲ. ಹೈಸ್ಕೂಲು ಮೇಷ್ಟ್ರನ್ನು ತರಗತಿಯ ನಡುವೆ ಎಬ್ಬಿಸಿ ಅರ್ಜಿ ತುಂಬಿಸಿಕೊಳ್ಳುವ ಧೈರ್ಯ ನಮಗಿಲ್ಲ. ಅದೇ ಮರ್ಯಾದೆ ಅಂಗನವಾಡಿಯ ಟೀಚರಿಗೂ ಸಲ್ಲಬೇಕು.

ಕೇಳುಗರೇ, ಮಾತನ್ನು ಒಟ್ಟು ಮಾಡುತ್ತೇನೆ. ಮೂರರಿಂದ ಆರು ವರ್ಷದ ಕಲಿಕೆ ಮುಂದಿನ ಓದಿಗೆ ತಳಪಾಯ. ಆ ಕಲಿಕೆಗೆ ಬೇಕಾದ ಮುಖ್ಯ ಸಾಮಗ್ರಿ ಮಗುವಿನ ಜೊತೆ ಮಾತಾಡಲು ದೊಡ್ಡವರಿಗೆ ಇರುವ ಹೊತ್ತು. ಆ ಹೊತ್ತು ಈಗ ಬೇರೆ ಕೆಲಸಗಳಿಗೆ ಹೋಗುತ್ತಿದೆ. ಅದನ್ನು ಮರಳಿ ಕೊಟ್ಟರೆ ಕಲಿಕೆ ಹೆಚ್ಚುತ್ತದೆ, ಪೋಷಣೆಯೂ ಕೆಡುವುದಿಲ್ಲ. ಇದನ್ನು ಸಾಧಿಸಲು ಜಿಲ್ಲಾಡಳಿತ ಬೆಳಗಿನ ಎರಡು ಗಂಟೆಯನ್ನು ಲಿಖಿತ ಆದೇಶದಿಂದ ಕಾಯಲಿ. ಸರ್ಕಾರ ಕಲಿಸಲೆಂದೇ ಎರಡನೆಯವರನ್ನು ಕೊಡಲಿ. ಪಂಚಾಯಿತಿ ತನ್ನ ಕ್ರಿಯಾ ಯೋಜನೆಯಲ್ಲಿ ಅಂಗನವಾಡಿಗೆ ಜಾಗ ಮಾಡಲಿ. ನಿಮ್ಮ ಕೈಯಲ್ಲೂ ಒಂದು ಕೆಲಸ ಇದೆ. ಪ್ರತಿ ಅಂಗನವಾಡಿಗೆ ಬಾಲ ವಿಕಾಸ ಸಮಿತಿ ಎಂಬುದೊಂದು ಇದೆ. ಅದರಲ್ಲಿ ತಾಯಂದಿರು, ಊರಿನವರು ಸದಸ್ಯರು. ಮುಂದಿನ ಸಭೆಗೆ ತಪ್ಪದೆ ಹೋಗಿ. ಅಡುಗೆ ಎಣ್ಣೆ, ಗ್ಯಾಸು, ಮೊಟ್ಟೆಯ ವಿಷಯ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿ. ಕಳೆದ ತಿಂಗಳಲ್ಲಿ ಎಷ್ಟು ದಿನ ನಮ್ಮ ಟೀಚರಿಗೆ ಎರಡು ಗಂಟೆ ಮಕ್ಕಳ ಜೊತೆ ಪೂರ್ತಿ ಸಿಕ್ಕಿತು? ಸಿಗದ ದಿನ ಯಾವ ಕೆಲಸಕ್ಕೆ ಕರೆದಿದ್ದರು? ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಸಿ, ಒಂದು ಪ್ರತಿಯನ್ನು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಕಳಿಸಿ. ನಾಲ್ಕು ತಾಲ್ಲೂಕುಗಳ ನೂರಾರು ಊರುಗಳಿಂದ ಪ್ರತಿ ತಿಂಗಳೂ ಇದೇ ಪ್ರಶ್ನೆ ಹೋದರೆ, ಇದುವರೆಗೆ ಯಾರೂ ಎಣಿಸದ ಈ ಹೊತ್ತನ್ನು ಸರ್ಕಾರ ಎಣಿಸಲೇಬೇಕಾಗುತ್ತದೆ.